ಹಿಮ ಬರಲಿ ಅನ್ನೋರು, ಬೇಡ ಅನ್ನೋರು

(ಕಲಿಕೆ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಚಳಿಯ ವಿಷಯ ಮಾತಾಡೋಣ. ನೀಲಗಿರಿಯವರಿಗೆ ಚಳಿ ಪಾಠವೇ ಅಂತ ನಗಬೇಡಿ.

ನಮ್ಮ ಕೇಂದ್ರಕ್ಕೆ ಬರುವ ಹಿರಿಯರೊಬ್ಬರು ಮನೆ ಹಿಂದೆ ಗೂಟಕ್ಕೆ ಥರ್ಮಾಮೀಟರ್ ಕಟ್ಟಿದ್ದಾರೆ. ಅಂಕಿ ಕಲಿತ ಮೇಲೆ ದಿನಾ ಹೊತ್ತು ಹುಟ್ಟುವ ಮುಂಚೆ ನೋಡಿ ಪುಸ್ತಕದಲ್ಲಿ ಬರೀತಾರೆ. 9, 7, 4. ಅಂಕಿ ಇಳಿದಷ್ಟೂ ಅವರ ಮುಖ ಅರಳುತ್ತೆ. ಕಾಶ್ಮೀರದ ಹಾಗೆ ಇಲ್ಲೂ ಹಿಮ ಸುರಿಯಬೇಕು ಅಂತ ಅವರ ಆಸೆ.

ಟೀ ತೋಟಕ್ಕೆ ಹೋಗುವ ಅಕ್ಕಂದಿರಿಗೆ ಇದನ್ನು ಕೇಳಿದರೆ ಸಿಟ್ಟು. ಹಿಮ ಕೂತರೆ ಚಿಗುರು ಬೆಂಕಿ ತಗುಲಿದ ಹಾಗೆ ಕರಟುತ್ತೆ. ಹೊಸ ಚಿಗುರು ಬರೋವರೆಗೆ ಕೊಯ್ಯೋಕೆ ಎಲೆ ಇಲ್ಲ. ಎಲೆ ಇಲ್ಲ ಅಂದರೆ ಕೂಲಿ ಇಲ್ಲ. "ನಿಮ್ಮ ಆಸೆಗೆ ನಮ್ಮ ಒಲೆ ಆರಬೇಕಾ ಮಾವ?" ಅಂತ ಒಬ್ಬರು ಕೇಳಿಯೇಬಿಟ್ಟರು. ನ್ಯಾಯವಾದ ಮಾತು.

ಮಾವನ ಆಸೆ ನಡೆಯುತ್ತಾ? ಊಟಿ ಸಮುದ್ರಕ್ಕಿಂತ ಸುಮಾರು 2,240 ಮೀಟರ್ ಎತ್ತರ. ಕಾಶ್ಮೀರದ ಶ್ರೀನಗರ 1,600 ಮೀಟರಿಗಿಂತ ತಗ್ಗು. ಆದರೂ ಹಿಮ ಸುರಿಯೋದು ಅಲ್ಲಿ. ಅದು ಬಹಳ ಉತ್ತರದಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ಮೇಲಿನ ಗಾಳಿಯೂ ನೆಲದ ಗಾಳಿಯೂ ತಣ್ಣಗಿರುತ್ತೆ. ಪಶ್ಚಿಮದಿಂದ ಮೋಡವೂ ಬರುತ್ತೆ. ಆ ಮೋಡದಿಂದ ಹಿಮ ಬೀಳುತ್ತೆ.

ನಮ್ಮ ಹಿಮ ಮೇಲಿಂದ ಬೀಳೋದಲ್ಲ. ಹುಲ್ಲಿನ ಮೇಲೇ ಹುಟ್ಟೋದು. ತಮಿಳಿನವರು ಅದಕ್ಕೆ ಉರೈಪನಿ ಅಂತಾರೆ. ನಾವು ಎರಡಕ್ಕೂ ಹಿಮ ಅಂತೀವಿ, ಅದಕ್ಕೇ ಗೊಂದಲ. ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಡುತ್ತೆ. ಮೋಡ ಇದ್ದರೆ ಕಂಬಳಿ ಹೊದಿಸಿದ ಹಾಗೆ, ಕಾವು ಉಳಿಯುತ್ತೆ. ಮೋಡವೂ ಇಲ್ಲ, ಗಾಳಿಯೂ ಇಲ್ಲ ಅಂದರೆ ನೆಲ ತಣ್ಣಗಾಗುತ್ತೆ. ಗೂಟದ ಮೇಲೆ 2 ಡಿಗ್ರಿ ಇದ್ದಾಗಲೇ ಹುಲ್ಲಿನ ಮೇಲೆ 0 ಆಗಿರಬಹುದು. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿಯುತ್ತೆ. ಅದಕ್ಕೇ 2,637 ಮೀಟರ್ ಎತ್ತರದ ದೊಡ್ಡಬೆಟ್ಟವನ್ನು ಬಿಟ್ಟು ಊಟಿಯ ಕುದುರೆ ಪಂದ್ಯದ ಬಯಲು, ತಲೈಕುಂದಾ ಇಂಥ ತಗ್ಗು ಜಾಗ ಬೆಳ್ಳಗಾಗೋದು. ನೋಡೋಕೆ ಪ್ರವಾಸಿಗರು ಬರ್ತಾರೆ. ಟ್ಯಾಕ್ಸಿಯವರಿಗೆ, ಬಿಸಿ ಬಜ್ಜಿ ಮಾರೋರಿಗೆ ಅದು ವ್ಯಾಪಾರ. ಬರೀ ಚಳಿ ಇದ್ದು ಹಿಮ ಕೂರದಿದ್ದರೆ ಟೀಗೂ ಒಳ್ಳೇದೇ. ಎಲೆ ನಿಧಾನ ಬೆಳೆದು ಪರಿಮಳ ಕಟ್ಟುತ್ತೆ.

ಮಾವನ ಪುಸ್ತಕದಿಂದ ಅಕ್ಕಂದಿರಿಗೂ ಉಪಯೋಗ ಇದೆ ಅಂತ ನನಗನಿಸುತ್ತೆ. ಸಂಜೆ ಅಂಕಿ ಬೇಗ ಬೇಗ ಇಳೀತಿದ್ದು, ನಕ್ಷತ್ರ ಸ್ವಚ್ಛವಾಗಿ ಕಂಡು, ಎಲೆ ಅಲುಗದಿದ್ದರೆ ಅವತ್ತು ಎಚ್ಚರ. ಎಳೆ ಟೀ ಗಿಡ, ತರಕಾರಿ ಸಸಿ ಇದ್ದವರು ಕತ್ತಲಾಗೋ ಮೊದಲೇ ಒಣಹುಲ್ಲು ಹೊದಿಸಿ. ಬಿಸಿಲೇರಿದ ಮೇಲೆ ತೆಗೀರಿ.

ಥರ್ಮಾಮೀಟರ್ ಓದೋದು ಹೇಗೆ ಅಂತ ಬುಧವಾರ ಮಾವನೇ ತೋರಿಸ್ತಾರೆ. ಸ್ಲೇಟು ಮರೀಬೇಡಿ.