ಯಂತ್ರಕ್ಕೆ ಸಿಕ್ಕುವ ಶಕ್ತಿ

ಭದ್ರಾವತಿಯ ಭಕ್ತರ ಮನೆಗೆ ಪೂಜೆಗೆ ಹೋಗಿದ್ದಾಗ ಹುಡುಗನೊಬ್ಬ ಕೇಳಿದ: "ಬುದ್ಧಿ, 1999ರಲ್ಲಿ ಬಂದ ಸ್ಟಾರ್ ವಾರ್ಸ್ ಚಿತ್ರದಲ್ಲಿ ಬಾಲಕನೊಬ್ಬನ ರಕ್ತ ಪರೀಕ್ಷಿಸಿ, ಅವನಲ್ಲಿ ದಿವ್ಯಶಕ್ತಿ ಎಷ್ಟಿದೆಯೆಂದು ಯಂತ್ರ ಎಣಿಸುತ್ತದೆ. ಎಣಿಕೆ 20,000 ದಾಟುತ್ತದೆ. ತಮ್ಮನ್ನು ಪರೀಕ್ಷಿಸಿದರೆ ಎಷ್ಟು ಬಂದೀತು?" ಮನೆಯವರು ಗದರಿದರು. ನಾವು "ಸೊನ್ನೆಯಪ್ಪಾ" ಎಂದೆವು.

ಆ ಊರಿಗೆ ಅಳತೆ ಹೊಸದಲ್ಲ. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕುಲುಮೆಯ ಕಾವನ್ನು ಅಳೆಯುವ ಉಪಕರಣ ಕಂಡವರು ಆ ಮನೆಯಲ್ಲೇ ಇದ್ದರು. ಕಾವು ಇದ್ದರೆ ಮುಳ್ಳು ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಪವಾಡವನ್ನೂ ಹಾಗೆಯೇ ಪರೀಕ್ಷಿಸಬೇಕೆಂದು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಸಮಿತಿ ರಚಿಸಿದರು. ಅವರ ಪತ್ರಗಳಿಗೆ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಂದ ಉತ್ತರ ಬರಲಿಲ್ಲ. ಕಾವಿಯುಟ್ಟ ನಮ್ಮನ್ನು ಆ ಮೌನ ಇಂದಿಗೂ ಚುಚ್ಚುತ್ತದೆ.

ನಾವೇನು ಮೇಲಲ್ಲ. ಹಿಂದೊಮ್ಮೆ ಶಿವಮೊಗ್ಗೆಯ ತಾಯಿಯೊಬ್ಬಳು ಜ್ವರದ ಕೂಸನ್ನು ತಂದಾಗ ವಿಭೂತಿ ಕೊಟ್ಟು ಕಳಿಸಿದೆವು. ಆಸ್ಪತ್ರೆಗೆ ಹೋಗೆಂದು ಹೇಳಲಿಲ್ಲ. ಆಕೆ ಮೂರು ದಿನ ಅದನ್ನೇ ನಂಬಿ ಕುಳಿತಳು. ಕೂಸು ಉಳಿಯಿತು, ಆದರೆ ವೈದ್ಯರಿಂದ. ಆ ಹುಡುಗನಿಗೆ ನಾವು ಸೊನ್ನೆ ಎಂದದ್ದು ವಿನಯಕ್ಕೆ ಆಡಿದ ಮಾತಲ್ಲ.