ಮರಳಿನ ಲೆಕ್ಕ ಒಂದು ಮಳೆಗಾಲದ್ದಲ್ಲ



ಮಳೆಗಾಲ ಬಂತೆಂದರೆ ಉಳ್ಳಾಲದ ಕಡಲ್ಕೊರೆತ ಸುದ್ದಿಯಾಗುತ್ತದೆ. ತೆಂಗಿನ ಮರ, ಮನೆ ಸಮುದ್ರದ ಪಾಲಾದಾಗ ಲಾರಿಗಳಲ್ಲಿ ಕಲ್ಲು ಬರುತ್ತದೆ. ಮಳೆ ನಿಂತ ಮೇಲೆ ಚರ್ಚೆಯೂ ನಿಲ್ಲುತ್ತದೆ. ಆದರೆ ಮರಳಿನ ಲೆಕ್ಕ ದಶಕಗಳದ್ದು.

ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಆಳಕ್ಕೆ ಒಯ್ಯುತ್ತವೆ. ಶಾಂತ ಋತುವಿನ ಅಲೆಗಳು ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ತರುತ್ತವೆ. ಆದ್ದರಿಂದ ಜುಲೈ ತಿಂಗಳ ಒಂದು ಚಿತ್ರ ನೋಡಿ ತೀರ ನಾಶವಾಯಿತೆನ್ನುವುದೂ, ಫೆಬ್ರವರಿಯಲ್ಲಿ ನೋಡಿ ಎಲ್ಲವೂ ಸರಿಯಾಯಿತೆನ್ನುವುದೂ ತಪ್ಪು. ಪ್ರತಿ ವರ್ಷ ಹಿಂದಕ್ಕೆ ಬಾರದೆ ಉಳಿದ ಪಾಲೆಷ್ಟು ಎಂಬುದೇ ನಿಜವಾದ ಪ್ರಶ್ನೆ.

ಇದಕ್ಕೆ ನೆದರ್‌ಲ್ಯಾಂಡ್ಸ್ ಒಳ್ಳೆಯ ಪಾಠ. ಅಲ್ಲಿ ಜೌಡರ್‌ಜೀ ಎಂಬ ಕೊಲ್ಲಿಯನ್ನು 32 ಕಿಲೋಮೀಟರ್ ಉದ್ದದ ಕಟ್ಟೆಯಿಂದ 1932ರಲ್ಲಿ ಮುಚ್ಚಿದರು. ಮೊದಲೇ ನೊಬೆಲ್ ವಿಜ್ಞಾನಿ ಲೊರೆಂಟ್ಸ್ ನೇತೃತ್ವದ ಸಮಿತಿ 1918ರಿಂದ 1926ರವರೆಗೆ ಲೆಕ್ಕ ಹಾಕಿ, ಕಟ್ಟೆಯ ಹೊರಗೆ ಉಬ್ಬರ ಹೆಚ್ಚುತ್ತದೆ ಎಂದಿತ್ತು. ಹಾಗೆಯೇ ಆಯಿತು. ನೀರು ಬೇಗನೆ ಹೊಸ ಸ್ಥಿತಿಗೆ ಹೊಂದಿಕೊಂಡಿತು, ಮರಳು ಹೊಂದಿಕೊಳ್ಳಲಿಲ್ಲ. ಕಟ್ಟೆಯ ಹೊರಗಿನ ಕಾಲುವೆಗಳು ದಶಕಗಟ್ಟಲೆ ಹೂಳು ತುಂಬಿಕೊಳ್ಳುತ್ತಾ ಬಂದವು. ಅದಕ್ಕೆ ಬೇಕಾದ ಮರಳನ್ನು ಅಳಿವೆಯ ಮುಂದಿನ ದಿಬ್ಬಗಳೂ ಪಕ್ಕದ ತೀರಗಳೂ ಕಳೆದುಕೊಂಡವು.

ಇಂಥ ನಿಧಾನ ಬದಲಾವಣೆಗೆ ಒಂದೊಂದು ಅಲೆಯನ್ನೂ ಲೆಕ್ಕ ಹಾಕುತ್ತಾ ಹೋದರೆ ಸಣ್ಣ ತಪ್ಪುಗಳು ಕೂಡಿ ದೊಡ್ಡದಾಗುತ್ತವೆ. ಹಾಗಾಗಿ ಅಲ್ಲಿಯ ಸಂಶೋಧಕರು 1990ರ ದಶಕದಲ್ಲಿ ಬೇರೊಂದು ಮಾದರಿ ರೂಪಿಸಿದರು. ಅದರ ಹೆಸರು 'ಅಸ್ಮಿತಾ'. ನಮ್ಮ ಪದದಂತೆ ಕೇಳಿದರೂ ಅದು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಜೋಡಣೆ. ಅದರಲ್ಲಿ ಹೊರಗಿನ ದಿಬ್ಬ, ಕಾಲುವೆ, ಒಳಗಿನ ಕೆಸರು ಬಯಲು ಮೂರು ಬ್ಯಾಂಕ್ ಖಾತೆಗಳಿದ್ದಂತೆ. ಒಳಗೆ ಬಂದುಹೋಗುವ ಉಬ್ಬರದ ನೀರಿಗೆ ತಕ್ಕಂತೆ ಪ್ರತಿ ಖಾತೆಗೂ ಒಂದು ಸಮತೋಲನದ ಮೊತ್ತವಿದೆ. ಒಂದರಲ್ಲಿ ಕೊರತೆಯಾದರೆ ಪಕ್ಕದ್ದರಿಂದ ತುಂಬಿಕೊಳ್ಳುತ್ತದೆ.

ಈಗ ನಮ್ಮ ಅಳಿವೆಬಾಗಿಲಿಗೆ ಬನ್ನಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಕಡೆ ಸಮುದ್ರ ಸೇರುತ್ತವೆ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. 1990ರ ದಶಕದಲ್ಲಿ ಬಾಗಿಲಿನ ಎರಡೂ ಬದಿ ಕಲ್ಲಿನ ಗೋಡೆಗಳು ಎದ್ದವು. ಮೇಲೆ ನದಿಗೆ ಅಣೆಕಟ್ಟುಗಳಿವೆ, ಮರಳುಗಾರಿಕೆಯಿದೆ. ಇವೆಲ್ಲವೂ ಒಂದೇ ಖಾತೆಯ ಜಮಾ-ಖರ್ಚು. ಒಂದು ಗೋಡೆಯನ್ನು ಮಾತ್ರ ದೂರುವುದೂ, ಇನ್ನೊಂದು ಗೋಡೆಯೇ ಪರಿಹಾರ ಎನ್ನುವುದೂ ಪಾಸ್‌ಬುಕ್‌ನ ಒಂದೇ ಸಾಲು ಓದಿದಂತೆ.

ಎಷ್ಟೇ ಒಳ್ಳೆಯ ಮಾದರಿಯಾದರೂ ಹಳೆಯ ಅಳತೆಗಳಿಲ್ಲದೆ ಕುರುಡು. ವಿದ್ಯಾರ್ಥಿಗಳೇ, ಇದು ನಿಮ್ಮಿಂದಲೇ ಆಗುವ ಕೆಲಸ. ತೀರದ ಒಂದು ಗಟ್ಟಿ ಗುರುತಿನಿಂದ ಉಬ್ಬರದ ಗೆರೆಯವರೆಗೆ ಪ್ರತಿ ವರ್ಷ ಅದೇ ತಿಂಗಳಲ್ಲಿ ಅಳೆಯಿರಿ, ತಾರೀಕು ಹಾಕಿ ಬರೆದಿಡಿ, ಮುಂದಿನ ತಂಡಕ್ಕೆ ಒಪ್ಪಿಸಿ. ಇಪ್ಪತ್ತು ವರ್ಷಗಳ ನಂತರ ಆ ನೋಟ್‌ಬುಕ್ ಯಾರದೋ ಮನೆ ಉಳಿಸಬಹುದು.