ತಿರುಪು ಮೊಳೆಯ ಧಣಿ ಮೇಯರ್ ಆದದ್ದು

ನಮ್ಮ ಜಿಲ್ಲೆಯ ಟೇಕಲ್, ಮಾಲೂರು ಕಡೆಯ ಕೇಳುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಕಲ್ಲು ಕ್ವಾರಿಯವರು, ಹೆಂಚಿನ ಕಾರ್ಖಾನೆಯವರು ಚುನಾವಣೆಗೆ ನಿಂತರೆ ಊರಿನ ಗತಿ ಏನು? 'ಇರೋನು ಯಾಕ್ ತಿಂತಾನೆ ಬಿಡಿ' ಅನ್ನುವವರೂ ಇದ್ದಾರೆ. ಆ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಆಸ್ತಿ ಎಷ್ಟು ಇದೆ ಅನ್ನುವುದಲ್ಲ, ಗೆದ್ದ ಮೇಲೂ ದಂಧೆ ಅವನ ಕೈಯಲ್ಲೇ ಇದೆಯೇ ಅನ್ನುವುದನ್ನು ನೋಡಬೇಕು.

ಇಂಗ್ಲೆಂಡಿನ ಜೋಸೆಫ್ ಚೇಂಬರ್ಲೇನ್ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. 1836ರಲ್ಲಿ ಹುಟ್ಟಿದವರು. ಹದಿನೆಂಟಕ್ಕೆ ಬರ್ಮಿಂಗ್‌ಹ್ಯಾಮಿಗೆ ಬಂದು ಸಂಬಂಧಿಕರಾದ ನೆಟಲ್‌ಫೋಲ್ಡರ ತಿರುಪು ಮೊಳೆ ಕಾರ್ಖಾನೆಗೆ ಸೇರಿದರು. ಆಗಿನ ತಿರುಪು ಮೊಳೆಯ ತುದಿ ಮೊಂಡು. ಬೈರಿಗೆಯಲ್ಲಿ ಪೂರ್ತಿ ತೂತು ಕೊರೆಯದೆ ಅದು ಮರಕ್ಕೆ ಇಳಿಯುತ್ತಿರಲಿಲ್ಲ. ಅಮೆರಿಕದಿಂದ ಬಂದ ಯಂತ್ರ ಚೂಪು ತುದಿಯ ಮೊಳೆ ಮಾಡಿತು. ತಾನೇ ದಾರಿ ಮಾಡಿಕೊಂಡು ಒಳಗೆ ಹೋಗುವಂಥದ್ದು. ನಮ್ಮ ಮನೆಗೆ ಬಾಗಿಲು ಕೂರಿಸಿದ ಆಚಾರಿಗಳು ಒಂದೊಂದು ಮೊಳೆಗೂ ಬೈರಿಗೆ ತಿರುಗಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡುತ್ತ ಕೂತವನು ನಾನು, ಅಷ್ಟು ಶ್ರಮ ಉಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಕಾರ್ಖಾನೆ ಬೆಳೆಯಿತು, ಸುತ್ತಲಿನ ಸಣ್ಣ ಮೊಳೆಗಾರರು ಬಾಗಿಲು ಹಾಕಿದರು. ಆ ನೋವು ನಿಜ, ಅದನ್ನು ಮುಚ್ಚಿಡಬಾರದು.

1873ರಲ್ಲಿ ಚೇಂಬರ್ಲೇನ್ ಬರ್ಮಿಂಗ್‌ಹ್ಯಾಮಿನ ಮೇಯರ್ ಆದರು. ಮರುವರ್ಷವೇ ಕಾರ್ಖಾನೆಯ ಪಾಲನ್ನು ಮಾರಿ ಹೊರಬಂದರು. ಆಮೇಲೆ ಊರಿಗೆ ದೀಪದ ಗ್ಯಾಸ್ ಮಾರುತ್ತಿದ್ದ ಎರಡು ಖಾಸಗಿ ಕಂಪನಿಗಳನ್ನು ಸುಮಾರು 20 ಲಕ್ಷ ಪೌಂಡಿಗೆ ನಗರಸಭೆಯೇ ಕೊಂಡಿತು. ಬೆನ್ನಿಗೇ ನೀರಿನ ಕಂಪನಿಯನ್ನೂ ಕೊಂಡಿತು. ಇಲ್ಲೇ ಇರುವುದು ಕೀಲು: ಗ್ಯಾಸಿನಲ್ಲಿ ಲಾಭ ಮಾಡು, ಲಾಭ ಊರಿಗೆ ಹಾಕು, ನೀರಿನಲ್ಲಿ ಲಾಭ ಬೇಡ. ಇನ್ನೊಮ್ಮೆ ಹೇಳುತ್ತೇನೆ, ನೀರಿನಲ್ಲಿ ಲಾಭ ಬೇಡ. ಅಲ್ಲಿನ ಬಡವರು ಕೊಳಚೆ ಬಸಿದ ಬಾವಿಯ ನೀರು ಕುಡಿಯುತ್ತಿದ್ದರು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಳೆಯ ಲೆಕ್ಕ ಬರೆದ ತಲೆಯೇ ಊರಿನ ಲೆಕ್ಕವನ್ನೂ ಬರೆಯಿತು, ಆದರೆ ಎರಡೂ ಒಂದೇ ಪುಸ್ತಕದಲ್ಲಿ ಬರಲಿಲ್ಲ.

ಎಲ್ಲವೂ ಸರಿಹೋಯಿತು ಎನ್ನುತ್ತಿಲ್ಲ. ಕೊಳೆಗೇರಿ ಕೆಡವಿ ಕಾರ್ಪೊರೇಷನ್ ಬೀದಿ ಎಂಬ ಹೊಸ ರಸ್ತೆ ಮಾಡಿದಾಗ ಒಕ್ಕಲೆಬ್ಬಿಸಿದವರಿಗೆ ಹೊಸ ಮನೆ ಕಟ್ಟಿಕೊಡಲಿಲ್ಲ. 1876ರಲ್ಲಿ ಅವರು ಸಂಸತ್ತಿಗೆ ಹೋದರು. ಆ ಕಥೆ ಬೇರೆ.

ಈಗ ನಮ್ಮ ಕಡೆಯ ಪ್ರಶ್ನೆಗೆ ಬರೋಣ. ವಿಧಾನಸಭೆಗೆ ನಿಂತವರು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರವನ್ನು ಯಾರು ಬೇಕಾದರೂ ಓದಬಹುದು. ಆಸ್ತಿಯ ಮೊತ್ತ ನೋಡಿ ಬಾಯಿ ಬಿಡಬೇಡಿ. ತನ್ನ ಹೆಸರಲ್ಲಿ, ಹೆಂಡತಿಯ ಅಥವಾ ಗಂಡನ ಹೆಸರಲ್ಲಿ ಸರ್ಕಾರದ ಗುತ್ತಿಗೆ ಏನೇನಿದೆ ಎಂದು ಬರೆದ ಜಾಗಕ್ಕೆ ನೇರವಾಗಿ ಹೋಗಿ, ಬೆರಳಿಟ್ಟು ಓದಿ.